ಸೂಜಿ ತಾಗದ ಗುಂಡಿಗೆ

ನಮ್ಮ ಆಸ್ಪತ್ರೆಯಲ್ಲಿ ಆಪರೇಷನ್ ಶುರುವಾಗುವ ಮೊದಲೇ ಆಪರೇಷನ್ ಮುಗಿದಿರುತ್ತದೆ. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ. ಮೂರು ವರ್ಷದಿಂದ ಹಾಗೇ ನಡೆದಿದೆ.

ಹುಟ್ಟುವಾಗಲೇ ಗುಂಡಿಗೆಯಲ್ಲಿ ತೂತಿರುವ ಕೂಸುಗಳಿರುತ್ತವೆ. ಗುಂಡಿಗೆಯ ನಡುವೆ ಒಂದು ಗೋಡೆ. ಒಂದು ಕಡೆ ಒಳ್ಳೆಯ ರಕ್ತ, ಇನ್ನೊಂದು ಕಡೆ ಕೆಟ್ಟ ರಕ್ತ. ಗೋಡೆಗೆ ತೂತು ಬಿದ್ದರೆ ಎರಡೂ ಕಲೆಯುತ್ತವೆ. ಕೂಸು ಹಾಲು ಕುಡಿಯುವಷ್ಟರಲ್ಲೇ ಕಲ್ಲು ಹೊತ್ತವರಂತೆ ಬೆವರುತ್ತದೆ, ಮೈ ಹತ್ತುವುದಿಲ್ಲ, ತುಟಿ ನೀಲಿಗಟ್ಟುತ್ತದೆ. ಹಿಂದೆ ಇಂಥ ಕೂಸನ್ನು ಎತ್ತಿಕೊಂಡು ಬೆಂಗಳೂರಿಗೆ ಹೋಗಿ ತಿಂಗಳುಗಟ್ಟಲೆ ಸರದಿ ಕಾಯಬೇಕಿತ್ತು. ಎಷ್ಟೋ ಕೂಸುಗಳು ಸರದಿಯಲ್ಲೇ ಹೋದವು.

ಈಗ ಸ್ಕ್ಯಾನ್ ಯಂತ್ರ ಕೂಸಿನ ಮೈಗೆ ಮೊನೆ ತಾಗಿಸದೆ, ಈರುಳ್ಳಿ ಹೆಚ್ಚಿದ ಹಾಗೆ, ಗುಂಡಿಗೆಯನ್ನು ಎಂಟುನೂರು ಹೋಳು ಮಾಡಿ ನೋಡುತ್ತದೆ. ಕಂಪ್ಯೂಟರ್ ಆ ಹೋಳುಗಳನ್ನು ಒಂದರ ಮೇಲೊಂದು ಪೇರಿಸಿ ಮೂರು ಆಯಾಮದ ಚಿತ್ರ ಕಟ್ಟುತ್ತದೆ. ಆ ಚಿತ್ರ ನೋಡಿಕೊಂಡು ಅಚ್ಚಿನ ಯಂತ್ರ, ರಬ್ಬರಿನಷ್ಟು ಮೆತ್ತಗಿನ ರಾಳದಲ್ಲಿ, ಅದೇ ಗುಂಡಿಗೆಯನ್ನು ಅದೇ ಅಳತೆಗೆ ಮಾಡಿಕೊಡುತ್ತದೆ. ನಿಂಬೆಹಣ್ಣಿನಷ್ಟಿರುತ್ತದೆ, ಅಷ್ಟೇ.

ಅಚ್ಚನ್ನು ತಾಲೀಮು ಕೋಣೆಯ ಪೆಟ್ಟಿಗೆಯಲ್ಲಿ ಇಡುತ್ತೇವೆ. ಬೆಂಗಳೂರಿನಲ್ಲಿ ಡಾಕ್ಟರ್ ಪಡಿಯಾರ್ ಮೇಡಂ ಕೈಗೆ ತಂತಿಯ ಗವಸು ಹಾಕಿಕೊಂಡು ಕೂರುತ್ತಾರೆ. ಅವರ ಬೆರಳು ಅಲ್ಲಿ ಆಡಿದಂತೆ ಇಲ್ಲಿ ಉಕ್ಕಿನ ಕೈ ಆಡುತ್ತದೆ, ಅಚ್ಚನ್ನು ಕೊಯ್ದು, ತೂತಿಗೆ ತೇಪೆ ಇಟ್ಟು, ಹೊಲಿಯುತ್ತದೆ. ತಪ್ಪಿದರೆ ಇನ್ನೊಂದು ಅಚ್ಚು. ಹೊಲಿಗೆ ಮನಸ್ಸಿಗೆ ಒಪ್ಪಿದ ದಿನ ಮೇಡಂ "ಇದೇ ಇರಲಿ" ಎನ್ನುತ್ತಾರೆ. ಉಕ್ಕಿನ ಕೈ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಮರುದಿನ ಇಲ್ಲಿಯ ಡಾಕ್ಟರು ಕೂಸಿನ ಎದೆ ತೆರೆದು ಕೊಡುತ್ತಾರೆ, ಆ ಕೈ ನಿನ್ನೆಯ ತಾಲೀಮನ್ನು ಹೊಲಿಗೆಗೆ ಹೊಲಿಗೆ ಹಾಗೆಯೇ ಮಾಡಿ ಮುಗಿಸುತ್ತದೆ.

ಮೇಡಂ ನೇರವಾಗಿ ಕೂಸಿನ ಮೇಲೆಯೇ ಆ ಕೈಯನ್ನು ಯಾಕೆ ಆಡಿಸಬಾರದು ಎಂದು ಎಲ್ಲರೂ ಕೇಳುತ್ತಾರೆ. ಮೊದಲು ಹಾಗೆಯೇ ಇತ್ತು. ಎಲ್ಲೋ ಒಂದು ಕಡೆ ನಡುವೆಯೇ ಸಂಪರ್ಕ ಕಡಿದು, ಕೈ ಹೊಲಿಗೆಯ ಅರ್ಧಕ್ಕೆ ನಿಂತುಬಿಟ್ಟಿತು. ಆ ಮೇಲೆ ಸರ್ಕಾರ ಕಾನೂನು ಮಾಡಿತು. ಎದೆ ತೆರೆದ ಮೇಲೆ ಹೊರಗಿನ ಯಾರ ಮಾತನ್ನೂ ಕೈ ಕೇಳಬಾರದು, ತಾಲೀಮಿನಲ್ಲಿ ಇದ್ದದ್ದನ್ನಷ್ಟೇ ಮಾಡಬೇಕು. ಕಾನೂನು ಒಳ್ಳೆಯದೇ. ಇಲ್ಲಿಯತನಕ ನಾನೂ ಹಾಗೇ ಅಂದುಕೊಂಡಿದ್ದೆ.

ನನ್ನ ಹೆಸರು ಹುಲಿಗೆಪ್ಪ ಚಿತ್ರಗಾರ. ಓದಿದ್ದು ಏಳನೇ ಇಯತ್ತೆ. ನಮ್ಮ ಓಣಿಯವರು ತಲೆತಲಾಂತರದಿಂದ ಮರದ ಬೊಂಬೆ ಮಾಡುವವರು. ಆಸ್ಪತ್ರೆಯವರು ನನ್ನನ್ನು ಕರೆದದ್ದು ಪ್ರೀತಿಗಲ್ಲ. ಅಚ್ಚು ಯಂತ್ರದಿಂದ ಎರಡು ಹೋಳಾಗಿ, ಒರಟಾಗಿ ಬರುತ್ತದೆ. ತೆಳ್ಳಗಿನ ಗೋಡೆ ಕುಸಿಯದಿರಲೆಂದು ಯಂತ್ರ ಒಳಗೆಲ್ಲ ಕಡ್ಡಿಯಂಥ ಕಂಬ ನಿಲ್ಲಿಸಿರುತ್ತದೆ. ಅವನ್ನು ಕಿತ್ತು, ಕಿತ್ತಲ್ಲಿ ಉಳಿದ ಕುಳಿಗಳನ್ನು ರಾಳದಿಂದ ತುಂಬಿ, ನುಣುಪು ಮಾಡಿ, ಎರಡು ಹೋಳನ್ನು ಕೂಡಿಸಬೇಕು. ಕಾಲೇಜು ಕಲಿತ ಇಬ್ಬರು ಗೋಡೆ ಹರಿದು ಹರಿದು ಇಟ್ಟರು. ಹುಣಸೆಬೀಜದ ಅಂಟಿನಲ್ಲಿ ಮರದ ಹೊಟ್ಟು ಕಲಸಿ ಬೊಂಬೆಯ ಸಂದು ಮೆತ್ತಿದ ಕೈ ನನ್ನದು. ನಾನು ಹರಿಯಲಿಲ್ಲ.

ಇನ್ನೊಂದು ಮಾತು. ಅಚ್ಚಿನಲ್ಲಿ ಕಾಣುವ ಕುಳಿ ಯಂತ್ರದ್ದೋ, ಕೂಸಿನದೋ? ನಿಜವಾದ ತೂತುಗಳ ಪಟ್ಟಿಯನ್ನು ಕಂಪ್ಯೂಟರ್ ಕೊಡುತ್ತದೆ. ಆದರೆ ಗುಂಡಿಗೆಯ ಕೆಳತುದಿಯಲ್ಲಿ ಸ್ನಾಯು ಬೇರಿನ ಹಾಗೆ ಹೆಣೆದುಕೊಂಡಿರುತ್ತದೆ. ಅಲ್ಲಿಯ ಸಣ್ಣ ತೂತನ್ನು ಕಂಪ್ಯೂಟರ್ ಒಮ್ಮೊಮ್ಮೆ ನೆರಳೆಂದು ಬಿಟ್ಟುಬಿಡುತ್ತದೆ. ಮೊದಲ ವರ್ಷ ಒಂದು ಅಚ್ಚಿನಲ್ಲಿ ನನಗೆ ಅನುಮಾನ ಬಂದು ಸೂಜಿ ಆಡಿಸಿದೆ. ಸೂಜಿ ಆಚೆ ಬಂತು. ಫೋನ್ ಮಾಡಿದೆ. ಮೇಡಂ ಆ ಕೂಸಿಗೆ ಎರಡು ತೇಪೆ ಹಾಕಿದರು, ಕೂಸು ಬದುಕಿತು. ಅವತ್ತಿನಿಂದ ನನಗೆ ನಾನೇ ಒಂದು ನಿಯಮ ಹಾಕಿಕೊಂಡೆ. ಪಟ್ಟಿಯಲ್ಲಿ ಇರಲಿ ಬಿಡಲಿ, ಪ್ರತಿ ಕುಳಿಗೂ ಸೂಜಿ ಹಾಕಬೇಕು. ನಿಂತರೆ ಅದು ಯಂತ್ರದ ಕುಳಿ, ತುಂಬಬೇಕು. ಹಾಯ್ದರೆ ದೇವರು ಬಿಟ್ಟ ತೂತು, ಮುಟ್ಟಬಾರದು. ಇನ್ನೂರ ಹನ್ನೊಂದು ಗುಂಡಿಗೆಗೆ ಸೂಜಿ ಹಾಕಿದ್ದೇನೆ.

ಇನ್ನೂರ ಹನ್ನೆರಡನೆಯದು ನನ್ನ ಮಗಳ ಮಗಳದು.

ಅನಸೂಯಾ ಚೊಚ್ಚಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ಕೂಸಿಗೆ ನಮ್ಮ ಅವ್ವನ ಹೆಸರು ಇಟ್ಟೆವು, ಕಸ್ತೂರಿ. ಮೂರು ತಿಂಗಳಾದರೂ ಕೂಸು ಕೈಗೆ ತೂಕವಾಗಲಿಲ್ಲ. ನನ್ನ ಹೆಂಡತಿ ಪಾರವ್ವ ದೃಷ್ಟಿ ತೆಗೆದಳು, ತಾಯತ ಕಟ್ಟಿದಳು. ಒಂದು ದಿನ ಹಾಲು ಕುಡಿಯುವ ಕೂಸಿನ ನೆತ್ತಿಯ ಮೇಲೆ ಬೆವರು ಸಾಲುಗಟ್ಟಿದ್ದನ್ನು ನೋಡಿದೆ. ನನಗೆ ಆಗಲೇ ಗೊತ್ತಾಯಿತು. ಅದೇ ಬೆವರಿನ ಕೂಸುಗಳ ತಾಯಂದಿರು ದಿನಾ ನನ್ನ ಕೋಣೆಯ ಮುಂದೆ ಬೆಂಚಿನ ಮೇಲೆ ಕೂತಿರುತ್ತಾರೆ.

"ಸುಮ್ನ ಏನೇನೋ ಅನಬ್ಯಾಡ ಅಪ್ಪಾ" ಎಂದಳು ಅನಸೂಯಾ. "ಬ್ಯಾಸಗಿ ಐತಿ, ಬೆವರ್ತತಿ."

"ಬ್ಯಾಸಗಿ ನಿನಗಿಲ್ಲೇನು? ನೀ ಯಾಕ ಬೆವರವಲ್ಲಿ?" ಎಂದು ಗದರಿದೆ. ಆಮೇಲೆ ಅವಳ ಮುಖ ನೋಡಿ ಯಾಕಾದರೂ ಅಂದೆನೋ ಅನ್ನಿಸಿತು. ನನ್ನ ಬಾಯಿ ಹಾಗೇ.

ಸ್ಕ್ಯಾನ್ ಆಯಿತು. ಗೋಡೆಯ ಮೇಲ್ಭಾಗದಲ್ಲಿ ಒಂದು ದೊಡ್ಡ ತೂತು. ಪಟ್ಟಿಯಲ್ಲಿ ಅದೊಂದೇ. ಅಚ್ಚಿಗೆ ಒಂಬತ್ತು ತಾಸು ಬೇಕು. ಮರುದಿನ ಮುಂಜಾನೆ ನಾನು ಕೆಲಸಕ್ಕೆ ಹೊರಟಾಗ ಪಾರವ್ವ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಇವತ್ತ ನಮ್ ಕೂಸಿಂದು ಮಾಡ್ತೀರೇನು?"

"ಹೂಂ."

"ಅದಕ್ಕೂ ಸೂಜಿ ಚುಚ್ತೀರಿ?"

ನಾನು ಚಪ್ಪಲಿ ಮೆಟ್ಟಿಕೊಂಡೆ.

"ಅತ್ತಿ ಇದ್ದಿದ್ರ ನಿಮ್ ಕೈ ಮುರೀತಿದ್ಲು" ಎಂದು ಮತ್ತೆ ರೊಟ್ಟಿ ಬಡಿಯತೊಡಗಿದಳು.

ಹೌದು, ನಮ್ಮ ಅವ್ವ ಮುರಿಯುತ್ತಿದ್ದಳು. ನಮ್ಮ ಓಣಿಯಲ್ಲಿ ಬೊಂಬೆಗೆ ಮೊಳೆ ಹೊಡೆಯುವುದಿಲ್ಲ, ಎಲ್ಲ ಸಂದೂ ಅಂಟಿನದೇ. ಅದರಲ್ಲೂ ಜೀವಂತ ಇರುವವರ ಹೆಸರು ಹೇಳಿ ಮಾಡಿದ ಬೊಂಬೆಗೆ ಲೋಹದ ಮೊನೆ ತಾಗಬಾರದು. ಅದು ಮಾಟಗಾರರ ಕೆಲಸ. ನಾನು ಸಣ್ಣವನಿದ್ದಾಗ ಒಬ್ಬ ಬಂದು, ಒಂದು ಹೆಣ್ಣಿನ ಹೆಸರು ಹೇಳಿ, ಗೇಣುದ್ದದ ಬೊಂಬೆ ಬೇಕು, ಎದೆ ಟೊಳ್ಳಿರಲಿ ಎಂದ. ನಮ್ಮಪ್ಪ ಮರ ಕೆತ್ತುವ ಬಾಚಿ ಹಿಡಿದು ಅವನನ್ನು ಓಣಿಯ ತುದಿಯವರೆಗೆ ಅಟ್ಟಿಸಿಕೊಂಡು ಹೋದ. ಆ ಓಟ ನನಗಿನ್ನೂ ಕಣ್ಣಿಗೆ ಕಟ್ಟಿದೆ.

ಆಸ್ಪತ್ರೆಗೆ ಸೇರಿದಾಗ ಓಣಿಯವರು ಇದನ್ನೇ ಎತ್ತಿ ಆಡಿಕೊಂಡರು. ನಾನು ಅವರಿಗೆ ಹೇಳಿದ ಉತ್ತರ ಒಂದೇ. ಅಲ್ಲಿಯ ಅಚ್ಚಿಗೆ ಹೆಸರಿಲ್ಲ, ನಂಬರ್ ಇರುತ್ತದೆ. ನಂಬರಿಗೆ ಮಾಟ ತಾಗುವುದಿಲ್ಲ. ಹೇಳಿ ಹೇಳಿ ನಾನೂ ನಂಬಿದ್ದೆ.

ಯಂತ್ರದ ಬಾಗಿಲು ತೆಗೆದು ಅಚ್ಚನ್ನು ಅಂಗೈಗೆ ತೆಗೆದುಕೊಂಡೆ. ಇನ್ನೂ ಬೆಚ್ಚಗಿತ್ತು. ತಾಲೀಮು ಯಂತ್ರ ನೋಡಿಕೊಳ್ಳುವ ಜೈನಾಬಿ ಬಂದು ಪಕ್ಕಕ್ಕೆ ನಿಂತಳು. ನಮ್ಮ ಊರಿನವಳೇ. ಯಾವಾಗಲೂ ಕಾಡಿಸುವ ಹುಡುಗಿ. "ಕಾಕಾ, ಇದಕ್ಕ ಬಣ್ಣ ಹಚ್ಚಿ ಮೀಸಿ ಬರದು ಕಳಸಬ್ಯಾಡ್ರಿ ಮತ್ತ, ಮೇಡಂ ಹೆದರ್ತಾರ" ಎಂದು ದಿನಾ ಅನ್ನುವವಳು ಅವತ್ತು ಅನ್ನಲಿಲ್ಲ.

"ಕಾಕಾ, ಇದೊಂದನ್ನ ನಾ ಮಾಡ್ಲೇನ್ರಿ? ನೀವು ಹೇಳ್ರಿ, ನಾ ಮಾಡ್ತೀನಿ."

"ನಿನ್ ಕೈಯಾಗ ಕೊಟ್ರ ಗ್ವಾಡಿ ಉಳಿತಾವೇನು? ಹೋಗು, ನಿನ್ ಯಂತ್ರ ನೋಡ್ಕೊ ಹೋಗು."

ಅವಳು ಹೋದಳು. ನಾನು ಅವಳನ್ನು ಹಾಗೆ ಕಳಿಸಬಾರದಿತ್ತು.

ಕಂಬಗಳನ್ನು ಒಂದೊಂದಾಗಿ ಕಿತ್ತೆ. ಇಷ್ಟು ಹುಷಾರಾಗಿ ಯಾವ ಅಚ್ಚನ್ನೂ ಮಾಡಿರಲಿಲ್ಲ. ಒಟ್ಟು ಹದಿನೇಳು ಕುಳಿ. ಹದಿನಾರು ಆಳವಿಲ್ಲದವು, ತಳ ಕಣ್ಣಿಗೇ ಕಾಣುತ್ತಿತ್ತು. ಹದಿನೇಳನೆಯದು ಕೆಳತುದಿಯಲ್ಲಿ, ಹೆಣಿಗೆಯ ನಡುವೆ, ಸಾಸಿವೆ ಕಾಳಿನಷ್ಟು. ಒಂದು ಕಂಬ ನಿಂತಿದ್ದ ಜಾಗದ ಪಕ್ಕದಲ್ಲೇ. ದೀಪ ಹಿಡಿದೆ, ತಳ ಕಾಣಲಿಲ್ಲ. ಹೆಣಿಗೆಯ ನಡುವೆ ಹಾಗೆಲ್ಲ ಕಾಣುವುದಿಲ್ಲ.

ಸೂಜಿ ಎತ್ತಿಕೊಂಡೆ. ಎಡಗೈಯಲ್ಲಿ ಗುಂಡಿಗೆ. ಅದು ನಂಬರ್ ಇನ್ನೂರ ಹನ್ನೆರಡು ಅಲ್ಲ, ಕಸ್ತೂರಿ. ಬೆಳಿಗ್ಗೆ ನನ್ನ ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಿಡದೆ ಇದ್ದ ಕೂಸಿನ ಗುಂಡಿಗೆ. ಹೆಸರಿದೆ, ಜೀವ ಇದೆ. ಅದರ ಮೇಲೆ ನನ್ನ ಕೈಯಿಂದ ಮೊನೆ.

ಆಗಲಿಲ್ಲ.

ಸೂಜಿಯನ್ನು ಕೆಳಗಿಟ್ಟೆ. ಪಟ್ಟಿ ತೆಗೆದು ಮತ್ತೊಮ್ಮೆ ನೋಡಿದೆ. ಒಂದೇ ತೂತು, ಮೇಲಿನದು. ಕಂಪ್ಯೂಟರ್ ಇನ್ನೂರ ಹನ್ನೊಂದರಲ್ಲಿ ತಪ್ಪಿದ್ದು ಮೂರು ಸಲ ಮಾತ್ರ. ಕಂಬದ ಪಕ್ಕದ ಕುಳಿ ಎಂದರೆ ಕಂಬದ್ದೇ. ಹೀಗೆ ನನಗೆ ನಾನೇ ಹೇಳಿಕೊಂಡೆ. ಮೂವತ್ತು ವರ್ಷ ಬೊಂಬೆ ಮಾಡಿದವನ ಕೈಗೆ ಕುಳಿ ಕಂಡರೆ ತುಂಬುವುದೊಂದೇ ಗೊತ್ತು. ರಾಳ ತುಂಬಿದೆ, ನೀಲಿ ಬೆಳಕಿನಲ್ಲಿ ಗಟ್ಟಿ ಮಾಡಿದೆ, ಬೆರಳಾಡಿಸಿದೆ. ಎಷ್ಟು ನುಣುಪಾಗಿತ್ತೆಂದರೆ, ಎಲ್ಲಿ ತುಂಬಿದೆನೆಂದು ನನಗೇ ಗೊತ್ತಾಗಲಿಲ್ಲ. ಹಾಗನ್ನುವುದು ಸುಳ್ಳು. ಗೊತ್ತಾಗುತ್ತಿತ್ತು.

ತಾಲೀಮು ಒಂದೇ ಸಲಕ್ಕೆ ಕೂಡಿಬಂತು. ಮೇಡಂ ದನಿ ಸ್ಪೀಕರಿನಲ್ಲಿ ಬಂತು. "ಹುಲಿಗೆಪ್ಪನವರೇ, ಇಷ್ಟು ಚಂದದ ಅಚ್ಚು ಇದುವರೆಗೂ ನನಗೆ ಕೊಟ್ಟಿರಲಿಲ್ಲ ನೀವು. ಮೊಮ್ಮಗಳಿಗೆ ಮಾತ್ರ ಸ್ಪೆಷಲ್ಲಾ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅವರು "ಇದೇ ಇರಲಿ" ಎಂದರು.

ಆಪರೇಷನ್ ದಿನ ಅನಸೂಯಾ ಮತ್ತು ಪಾರವ್ವ ಹೊರಗೆ ಬೆಂಚಿನ ಮೇಲೆ ಕೂತರು. ಅಳಿಯ ಅಂಬುಲೆನ್ಸ್ ಡ್ರೈವರ್. ಮುಂಜಾನೆಯ ಪಾಳಿ ಮುಗಿಸಿ ಬಂದು ಗೋಡೆಗೆ ಒರಗಿ ನಿಂತಿದ್ದ. ನನಗೆ ಕಂಟ್ರೋಲ್ ಕೋಣೆಯಲ್ಲಿ ಜಾಗವಿತ್ತು. ಗಾಜಿನಾಚೆ ಹಸಿರು ಬಟ್ಟೆ, ಅದರ ನಡುವೆ ಅಂಗೈಯಗಲದ ಎದೆ. ಅದು ಕಸ್ತೂರಿ ಎಂದು ಹೇಳಲು ಬೇರೇನೂ ಕಾಣುತ್ತಿರಲಿಲ್ಲ.

ಗುಂಡಿಗೆಯನ್ನು ನಿಲ್ಲಿಸಿ, ಅದರ ಬದಲು ದುಡಿಯುವ ಯಂತ್ರಕ್ಕೆ ರಕ್ತವನ್ನು ತಿರುಗಿಸಿದರು. ಅಷ್ಟು ಸಣ್ಣ ಕೂಸು ಯಂತ್ರದ ಮೇಲೆ ಬಹಳ ಹೊತ್ತು ಇರಬಾರದು. ಉಕ್ಕಿನ ಕೈ ಇಳಿಯಿತು. ತಾಲೀಮಿನಲ್ಲಿ ಕಂಡದ್ದೇ. ಮೊದಲ ಹೊಲಿಗೆ, ಎರಡನೆಯದು, ಮೂರನೆಯದರಲ್ಲಿ ಮೇಡಂ ಒಂದು ಕ್ಷಣ ತಡೆದಿದ್ದರು, ಕೈಯೂ ತಡೆಯಿತು. ತೇಪೆ ಕೂತಿತು. ಕೈ ಮೇಲೆದ್ದು ತನ್ನ ಮೂಲೆಗೆ ಹೋಗಿ ಮಡಚಿಕೊಂಡಿತು. ಗುಂಡಿಗೆ ಮತ್ತೆ ಬಡಿಯತೊಡಗಿತು. ಜೈನಾಬಿ "ಅಲ್ಲಾ" ಎಂದು ಉಸಿರು ಬಿಟ್ಟಳು.

ಇನ್ನು ರಕ್ತದ ಹರಿವು ನೋಡಬೇಕು. ಪರದೆಯ ಮೇಲೆ ಹರಿವು ನೀಲಿಯಾಗಿ ಕಾಣುತ್ತದೆ. ತೂತಿದ್ದರೆ ಅಲ್ಲಿ ಹಳದಿ ಕಿಡಿ ಹಾರುತ್ತದೆ. ಮೇಲೆ ಎಲ್ಲ ನೀಲಿ. ಕೆಳತುದಿಯಲ್ಲಿ, ಒಂದೊಂದು ಬಡಿತಕ್ಕೂ, ಹಳದಿ.

"ಕಾಕಾ" ಎಂದಳು ಜೈನಾಬಿ. "ಕೆಳಗ ಇನ್ನೊಂದು ಐತಿ."

ಪರದೆ ನೋಡುವ ಅಗತ್ಯ ನನಗಿರಲಿಲ್ಲ. ಕಣ್ಣು ಮುಚ್ಚಿಕೊಂಡು ಬೆರಳಿಟ್ಟು ತೋರಿಸುತ್ತಿದ್ದೆ.

ದೊಡ್ಡ ತೂತು ಮುಚ್ಚಿದ್ದರಿಂದ ಒತ್ತಡವೆಲ್ಲ ಈಗ ಸಣ್ಣದರ ಮೇಲೆ ಬಿದ್ದಿತ್ತು. ಸ್ಪೀಕರಿನಲ್ಲಿ ಮೇಡಂ ದನಿ. ಮೆಲ್ಲಗೆ ಕೇಳಿದರು.

"ಹುಲಿಗೆಪ್ಪನವರೇ, ಅಚ್ಚಿನಲ್ಲಿ ಆ ಜಾಗದಲ್ಲಿ ಏನಾದರೂ ಇತ್ತಾ?"

"ಕುಳಿ ಇತ್ತರೀ ಮೇಡಂ."

"ಸೂಜಿ ಹಾಕಿದ್ರಲ್ಲ?"

ಜೈನಾಬಿ ನನ್ನ ಕಡೆ ನೋಡುತ್ತಿದ್ದಳು.

"ಇಲ್ಲರೀ."

ಅವರು ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಒಳಗಿನ ಡಾಕ್ಟರನ್ನು ಎಷ್ಟು ಹೊತ್ತು ಇದೆ ಎಂದು ಕೇಳಿದರು. ಮತ್ತೆ ಗುಂಡಿಗೆ ನಿಲ್ಲಿಸಿದರೂ ಹೆಚ್ಚೆಂದರೆ ಹದಿನೈದು ನಿಮಿಷ ಎಂದರು ಡಾಕ್ಟರು.

"ಇನ್ನೊಂದು ತಾಲೀಮು ಮಾಡ್ರಿ ಮೇಡಂ" ಎಂದು ಕೂಗಿದೆ. "ಹಳೇ ಅಚ್ಚ ಐತಿ, ಓಡಿ ಹೋಗಿ ತರ್ತೀನಿ, ಕುಳಿ ಕಿತ್ತಿ ಕೊಡ್ತೀನಿ!"

"ಅದನ್ನು ಕೊಯ್ದು ಹೊಲಿದಾಗಿದೆ. ಯಂತ್ರ ಅದನ್ನು ಒಪ್ಪಲ್ಲ. ಹೊಸದೇ ಬೇಕು."

ಹೊಸದಕ್ಕೆ ಒಂಬತ್ತು ತಾಸು.

"ಹಂಗಾರ ನೀವ ಮಾಡ್ರಿ! ಗವಸು ಹಾಕ್ಕೊಂಡು ನೇರವಾಗಿ ಮಾಡ್ರಿ! ಕಾನೂನು ನಾ ನೋಡ್ಕೊಂತೀನಿ!" ಏಳನೇ ಇಯತ್ತೆ ಕಲಿತ ನಾನು ಕಾನೂನನ್ನು ಏನು ನೋಡಿಕೊಳ್ಳುತ್ತಿದ್ದೆನೋ.

ಇನ್ನೊಂದು ಪರದೆಯಲ್ಲಿ ಮೇಡಂ ಕೋಣೆ ಕಾಣುತ್ತದೆ. ಅವರು ಗವಸು ಹಾಕಿಕೊಂಡೇ ಇದ್ದರು. ಬೆರಳು ಆಡಿದವು. ಸೂಜಿ ಹಿಡಿದಂತೆ, ಕೆಳತುದಿಯ ಹೆಣಿಗೆಯನ್ನು ಸರಿಸಿದಂತೆ, ಒಂದು ಹೊಲಿಗೆ, ಇನ್ನೊಂದು ಹೊಲಿಗೆ. ಗಾಜಿನಾಚೆ ಉಕ್ಕಿನ ಕೈ ಮೂಲೆಯಲ್ಲಿ ಮಡಚಿಕೊಂಡೇ ಇತ್ತು. ಅದಕ್ಕೆ ಯಾವ ಮಾತೂ ಕೇಳಿಸುತ್ತಿರಲಿಲ್ಲ. ಒಳಗಿನ ಇಬ್ಬರು ಡಾಕ್ಟರು, ಗುಂಡಿಗೆಯ ಒಳಗೆ ಕೈ ಹಾಕಲು ಕಲಿಯದವರು, ಸುಮ್ಮನೆ ನಿಂತಿದ್ದರು. ಜಗತ್ತಿನಲ್ಲಿ ಆ ತೂತನ್ನು ಮುಚ್ಚಬಲ್ಲ ಒಂದೇ ಕೈ ಗಾಳಿಯಲ್ಲಿ ಹೊಲಿಯುತ್ತಿತ್ತು.

ನಾನು ಗಾಜಿಗೆ ಗುದ್ದಿದೆ. ಅದು ಒಡೆಯುವ ಗಾಜಲ್ಲ.

ಮೇಡಂ ಗವಸು ಬಿಚ್ಚಿದರು. "ಮುಚ್ಚಿ" ಎಂದರು. ತೂತನ್ನಲ್ಲ, ಎದೆಯನ್ನು.

ಕೂಸು ಬದುಕಿತು. ಅದನ್ನು ಮೊದಲು ಹೇಳಬೇಕಿತ್ತೇನೋ. ಆದರೆ ನಾಲ್ಕೂವರೆ ಕಿಲೋದ ಮೈಯಲ್ಲಿ ಎದೆಯನ್ನು ತಕ್ಷಣ ಮತ್ತೆ ತೆರೆಯುವಂತಿಲ್ಲ. ಎಂಟು ಕಿಲೋ ಆದ ಮೇಲೆ ಹೊಸ ಸ್ಕ್ಯಾನ್, ಹೊಸ ಅಚ್ಚು, ಹೊಸ ತಾಲೀಮು. ಅಲ್ಲಿಯತನಕ ಔಷಧಿಯ ಮೇಲೆ ಇರಬೇಕು. ಇಂಥ ತೂತುಗಳಲ್ಲಿ ಕೆಲವು ತಾವಾಗಿಯೇ ಮುಚ್ಚಿಕೊಳ್ಳುತ್ತವಂತೆ, ಇದು ಆ ಅಳತೆಯದಲ್ಲವಂತೆ. ತೂತಿದ್ದರೆ ತೂಕ ಏರುವುದಿಲ್ಲ. ತೂಕ ಏರದೆ ತೂತು ಮುಚ್ಚುವುದಿಲ್ಲ. ಇದನ್ನು ಡಾಕ್ಟರು ಬಹಳ ಒಳ್ಳೆಯ ಮಾತಿನಲ್ಲಿ ಹೇಳಿದರು.

ವರದಿಯಲ್ಲಿ "ಸ್ಕ್ಯಾನಿನಲ್ಲಿ ಕಾಣದ ಎರಡನೆಯ ದೋಷ" ಎಂದು ಬರೆದರು. ನಾನು ಮೇಡಂಗೆ ಫೋನ್ ಮಾಡಿ ಜಗಳಕ್ಕೇ ನಿಂತೆ. ನನ್ನ ಹೆಸರು ಹಾಕಿರಿ, ನನ್ನನ್ನು ತೆಗೆದುಹಾಕಿರಿ ಎಂದೆ.

"ಯಾವ ನಿಯಮ ಮುರಿದಿರಿ ಅಂತ ಬರೆಯಲಿ?" ಎಂದರು ಅವರು. "ಪಟ್ಟಿಯಲ್ಲಿ ಇಲ್ಲದ ಕುಳಿ ತುಂಬಬೇಕು ಅಂತಲೇ ಪುಸ್ತಕದಲ್ಲಿ ಇರೋದು. ಸೂಜಿ ನಿಮ್ಮ ನಿಯಮ. ಅದನ್ನು ನಾನಾದರೂ ಪುಸ್ತಕಕ್ಕೆ ಸೇರಿಸಬೇಕಿತ್ತು. ಸೇರಿಸಲಿಲ್ಲ." ಆಮೇಲೆ ಕೇಳಿದರು. "ಯಾಕೆ ಹಾಕಲಿಲ್ಲ?"

ಕೊನೆಗೂ ಕೇಳಿದರು. ಇಷ್ಟು ಓದಿದ ಹೆಣ್ಣುಮಗಳಿಗೆ, ಕೂಸಿಗೆ ಮಾಟ ತಾಗೀತೆಂದು ಹೆದರಿದೆ ಎಂದು ಯಾವ ಬಾಯಲ್ಲಿ ಹೇಳಲಿ? ಫೋನ್ ಇಟ್ಟೆ.

ಅಚ್ಚನ್ನು ಆಮೇಲೆ ತಂದೆತಾಯಿಗೆ ಕೊಡುವುದು ನಮ್ಮ ಆಸ್ಪತ್ರೆಯ ವಾಡಿಕೆ. ಅನಸೂಯಾ ಅದನ್ನು ಗೋಡೆಯಲ್ಲಿದ್ದ ದೇವರ ಮಾಡದಲ್ಲಿ ಇಟ್ಟಳು. ದಿನಾ ಕುಂಕುಮ ಹಚ್ಚಿದಳು. ನೆರೆಯವರು ಬಂದರೆ ತೋರಿಸುವಳು. "ನಮ್ಮಪ್ಪ ಮಾಡಿದ್ದು ನೋಡ್ರಿ. ಇದರಿಂದನ ದೊಡ್ಡ ತೂತರ ಮುಚ್ಚಿತು. ಸಣ್ಣದು ಯಂತ್ರಕ್ಕ ಕಾಣಲಿಲ್ಲಂತ, ಅದಕ್ಕ ಯಾರೇನ್ ಮಾಡ್ತಾರ?"

ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಹತ್ತು ದಿನ ಹೀಗೇ ಕಳೆಯಿತು. ಪಾರವ್ವ ಊಟಕ್ಕೆ ಬಡಿಸುವಾಗ ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಿತ್ತು. ಅವತ್ತು ಸೂಜಿಯ ಮಾತು ಕೇಳಿದವಳೇ ಅವಳಲ್ಲವೇ.

ಹನ್ನೊಂದನೆಯ ದಿನ ಮುಂಜಾನೆ ಕೂಸನ್ನು ತೂಗಿದೆವು. ನಾಲ್ಕು ಕಿಲೋ ಆರುನೂರು. ಹತ್ತು ದಿನಕ್ಕೆ ನೂರು ಗ್ರಾಂ.

"ಏರಾಕತ್ತೈತಿ ಬಿಡಪ್ಪಾ" ಎಂದು ಅನಸೂಯಾ ನನಗೆ ಸಮಾಧಾನ ಹೇಳಿದಳು. ನನಗೆ!

ನಾನು ದೇವರ ಮಾಡದಿಂದ ಅಚ್ಚನ್ನು ತೆಗೆದುಕೊಂಡೆ. ಜೇಬಿನಿಂದ ಸೂಜಿ ತೆಗೆದೆ. ಕುಂಕುಮ ಬೆರಳಿಗೆ ಹತ್ತಿತು. ಹೊಲಿಗೆ ಬಿಚ್ಚಿ ಹೋಳು ಬಿಡಿಸಿ, ಕೆಳತುದಿಗೆ ಮೊನೆ ಇಟ್ಟೆ.

ಅನಸೂಯಾ ಕಿರುಚಿದಳು. "ಅಪ್ಪಾ! ಕೂಸಿನ ಗುಂಡಿಗಿಗೆ ಸೂಜಿ ಹಾಕ್ತೀಯೇನು? ತಲಿ ಕೆಟ್ಟೈತೇನು ನಿನಗ?"

"ಹಾಕಬೇಕಿತ್ತವ್ವಾ" ಎಂದೆ. "ಆವತ್ತ ಹಾಕಬೇಕಿತ್ತು. ಎಲ್ಲಾರ ಕೂಸಿಗೂ ಹಾಕಿದೆ. ನಿನ್ ಕೂಸಿಗೆ ಹಾಕಲಿಲ್ಲ."

ಒತ್ತಿದೆ. ಗಟ್ಟಿಯಾಗಿದ್ದ ರಾಳ ಟಕ್ಕೆಂದು ಬಿಟ್ಟು ಅಂಗೈಗೆ ಬಿತ್ತು, ಸಾಸಿವೆಯಷ್ಟು. ಸೂಜಿ ಎಲ್ಲಿಯೂ ತಡೆಯದೆ ಹಾಯ್ದು ಆಚೆ ಬಂತು. ಅದರ ತುದಿಯನ್ನು ಮೂವರೂ ನೋಡಿದೆವು. ಪಾರವ್ವ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಅನಸೂಯಾ ಆ ಚೂರನ್ನು ನನ್ನ ಅಂಗೈಯಿಂದ ಎತ್ತಿಕೊಂಡಳು. ಬೆರಳ ತುದಿಯಲ್ಲಿಟ್ಟು ಬಹಳ ಹೊತ್ತು ನೋಡಿದಳು.

"ಇಷ್ಟನಾ?" ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೂಸು ಅತ್ತಿತು. ಅವಳು ನನಗೆ ಬೆನ್ನು ಮಾಡಿ ಕೂತು ಹಾಲಿಗೆ ಹಚ್ಚಿಕೊಂಡಳು. ಅವಳ ತೋಳಿನ ಮೇಲಿಂದ ಕಸ್ತೂರಿಯ ನೆತ್ತಿ ಮಾತ್ರ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಅದರ ಮೇಲೆ ಒಂದೊಂದೇ ಬೆವರ ಹನಿ ಮೂಡತೊಡಗಿದವು.

ಒರೆಸಲೆಂದು ಕೈ ಚಾಚಿದೆ. ಕೈಯಲ್ಲಿ ಇನ್ನೂ ಸೂಜಿ ಇತ್ತು.